ಹಿಮ್ಸೆಲ್ಫ್ ಯಾರು? ಇಂಗ್ಲಿಷ್ ವಾಕ್ಯ ಬಿಡಿಸುವ ಸರಿಯಾದ ಕ್ರಮ: ಮೊದಲು ಟೆನ್ಸ್, ಆಮೇಲೆ ಬದು, ಕೊನೆಗೆ ಬೈಂಡಿಂಗ್

ಬಳ್ಳಾರಿಯಲ್ಲಿ ಎಂ.ಎ. ಇಂಗ್ಲಿಷ್ ಓದುವವರಿಗೆ, ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ಗೆ ಕೂರುವವರಿಗೆ ಸಂಜೆ ಹೊತ್ತು ಸಿಂಟ್ಯಾಕ್ಸ್, ಅಂದರೆ ವಾಕ್ಯರಚನೆ, ಹೇಳಿಕೊಡುತ್ತೇನೆ. ಸಿರುಗುಪ್ಪ, ಸಂಡೂರು, ಕುರುಗೋಡಿನಿಂದ ಬರುವವರೇ ಜಾಸ್ತಿ. ರಾಯಚೂರು, ಕೊಪ್ಪಳದವರು ನೋಟ್‌ಬುಕ್ಕಿನ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಊರು ಬೇರೆ, ತಪ್ಪು ಮಾತ್ರ ಒಂದೇ.

ಕಳೆದ ವಾರ ಬಂದ ಒಂದು ಫೋಟೊ ನೋಡಿ. ವಾಕ್ಯ ಇಷ್ಟೇ: "ಎರ್ರಿಸ್ವಾಮಿ ಸೆಡ್ ದಟ್ ಗಾದಿಲಿಂಗ ಪ್ರೇಸ್ಡ್ ಹಿಮ್ಸೆಲ್ಫ್." ಹುಡುಗಿ ನೀಲಿ ಪೆನ್ನಿನಲ್ಲಿ ಹಿಮ್ಸೆಲ್ಫ್‌ನಿಂದ ಒಂದು ಬಾಣ ಎಳೆದಿದ್ದಾಳೆ. ಅದು ಗಾದಿಲಿಂಗನ ತಲೆ ಮೇಲೆ ಹಾದು, ದಟ್ ದಾಟಿ, ಫ್ಲೈಓವರ್ ಥರ ಹೋಗಿ ಎರ್ರಿಸ್ವಾಮಿಯ ಮೇಲೆ ಇಳಿದಿದೆ. ಕೆಳಗೆ ಬೈಂಡಿಂಗ್ ನಿಯಮ, ಅಂದರೆ ಹಿಮ್ಸೆಲ್ಫ್, ಹಿಮ್ ಥರದ ಪದ ಯಾರನ್ನು ಸೂಚಿಸಬಹುದು ಅಂತ ಹೇಳುವ ನಿಯಮ, ಒಂದಕ್ಷರ ತಪ್ಪಿಲ್ಲದೆ ಬರೆದಿದ್ದಾಳೆ. ನಿಯಮ ಸರಿ, ಉತ್ತರ ತಪ್ಪು.

ಅವಳಿಗೆ ನಿಯಮ ಗೊತ್ತಿಲ್ಲ ಅಂತಲ್ಲ. ಕೊನೆಯಲ್ಲಿ ಮಾಡಬೇಕಾದ್ದನ್ನು ಮೊದಲು ಮಾಡಿದ್ದಾಳೆ. ಗಂಗಾವತಿ ಕಡೆ ಭತ್ತದ ಗದ್ದೆಗೆ ನೀರು ಬಿಡುವವರು ಮೊದಲು ಬದು ನೋಡುತ್ತಾರೆ, ಅಲ್ವಾ? ಇಲ್ಲೂ ಹಾಗೇ. ಹಿಮ್ಸೆಲ್ಫ್ ಯಾರು ಅಂತ ಹೇಳಬೇಕಾದರೆ ಬದು, ಅಂದರೆ ಉಪವಾಕ್ಯದ ಅಂಚು, ಎಲ್ಲಿದೆ ಅಂತ ಗೊತ್ತಿರಬೇಕು. ಬದು ಹಾಕಬೇಕಾದರೆ ಟೆನ್ಸ್ ಎಲ್ಲಿದೆ ಅಂತ ಗೊತ್ತಿರಬೇಕು.

## ಶುರು ಮಾಡುವ ಮುಂಚೆ ಏನೇನು ಬೇಕು

ಪೆನ್ಸಿಲ್, ರಬ್ಬರ್, ಗೆರೆ ಇಲ್ಲದ ಹಾಳೆ. ಪೆನ್ ಬೇಡ. ಪೆನ್ನಿನಲ್ಲಿ ಎಳೆದ ಬಾಣವನ್ನು ಯಾರೂ ಅಳಿಸುವುದಿಲ್ಲ, ಸಮರ್ಥನೆ ಮಾಡಿಕೊಳ್ಳುತ್ತಾರೆ.

ನಾಲ್ಕು ಗುರುತು ಸಾಕು. ಟೆನ್ಸ್ ಇರುವ ಪದದ ಕೆಳಗೆ ಎರಡು ಗೆರೆ. ಟೆನ್ಸ್ ಇರುವ ಉಪವಾಕ್ಯದ ಅಂಚಿಗೆ ಕಲ್ಲಿನ ಬದು, ಅಂದರೆ ‖. ಟೆನ್ಸ್ ಇಲ್ಲದ್ದರ ಅಂಚಿಗೆ ಮಣ್ಣಿನ ಬದು, ಅಂದರೆ |. ತಪ್ಪು ವಾಕ್ಯದ ಮುಂದೆ ನಕ್ಷತ್ರ *. ಯಾರು ಯಾರು ಒಂದೇ ವ್ಯಕ್ತಿ ಅಂತ ತೋರಿಸಲು ಪದದ ಪಕ್ಕ 1, 2 ಅಂತ ನಂಬರ್ ಹಾಕಿ. ಬಾಣ ಎಳೆಯುವುದನ್ನು ಇವತ್ತಿಗೇ ಬಿಟ್ಟುಬಿಡಿ.

## ಹಂತ 1: ಟೆನ್ಸ್ ಹೊತ್ತ ಪದವನ್ನು ಹಿಡಿಯಿರಿ

ಶಾಲೆಯಲ್ಲಿ ಕಲಿತ 12 ಟೆನ್ಸಿನ ಚಾರ್ಟನ್ನು ಪಕ್ಕಕ್ಕಿಡಿ. ಮಾತನಾಡಲು ಅದು ಉಪಯೋಗಕ್ಕೆ ಬರುತ್ತದೆ, ವಾಕ್ಯ ಬಿಡಿಸಲು ಬರುವುದಿಲ್ಲ. ಇಲ್ಲಿ ಇಂಗ್ಲಿಷಿಗೆ ಎರಡೇ ಟೆನ್ಸ್: ಪ್ರೆಸೆಂಟ್, ಪಾಸ್ಟ್. ವಿಲ್ ಎಂಬುದು ಕ್ಯಾನ್, ಮೇ, ಮಸ್ಟ್‌ಗಳ ಸಾಲಿನ ಮೋಡಲ್, ಅಂದರೆ ಸಾಧ್ಯತೆ, ಅನಿವಾರ್ಯತೆ ಥರದ್ದನ್ನು ಹೇಳುವ ಸಹಾಯಕ ಕ್ರಿಯಾಪದ. ಕಂಟಿನ್ಯುಯಸ್, ಪರ್ಫೆಕ್ಟ್ ಎರಡೂ ಟೆನ್ಸ್ ಅಲ್ಲ, ಆಸ್ಪೆಕ್ಟ್, ಅಂದರೆ ಕೆಲಸ ನಡೆಯುತ್ತಿದೆಯೋ ಮುಗಿದಿದೆಯೋ ಅಂತ ಹೇಳುವ ರೂಪ. ಭವಿಷ್ಯಕ್ಕೆ ಬೇರೆ ರೂಪ ಇಲ್ಲದಿದ್ದರೆ ಹೇಗೆ ಅಂತ ಗಾಬರಿ ಬೇಡ. ನಾವೂ "ದಿನಾ ಬರ್ತೀನಿ", "ನಾಳೆ ಬರ್ತೀನಿ" ಎರಡಕ್ಕೂ ಒಂದೇ ರೂಪ ಬಳಸುತ್ತೇವೆ.

ಈಗ ಕ್ರಿಯಾಪದಗಳ ಸರಪಳಿಯನ್ನು ಬಿಡಿಸಿ ಬರೆಯಿರಿ. ಅದರ ಕ್ರಮ ಬದಲಾಗುವುದೇ ಇಲ್ಲ: ಮೋಡಲ್, ಹ್ಯಾವ್, ಕಂಟಿನ್ಯುಯಸ್‌ನ ಬಿ (ಈಸ್, ವಾಸ್, ಬೀನ್ ಇದರದೇ ರೂಪಗಳು), ಪ್ಯಾಸಿವ್‌ನ ಬಿ, ಕೊನೆಗೆ ಮುಖ್ಯ ಕ್ರಿಯಾಪದ. ಎಲ್ಲವೂ ಇರಬೇಕೆಂದಿಲ್ಲ, ಇದ್ದರೆ ಇದೇ ಸಾಲು. ಪ್ರತಿಯೊಂದೂ ತನ್ನ ಮುಂದಿನ ಪದದ ರೂಪವನ್ನು ಮಾತ್ರ ನಿರ್ಧರಿಸುತ್ತದೆ. ಮೋಡಲ್ ಮುಂದೆ ಮೂಲ ರೂಪ, ಹ್ಯಾವ್ ಮುಂದೆ ಪಾಸ್ಟ್ ಪಾರ್ಟಿಸಿಪಲ್ (ಗಾನ್, ಸೀನ್ ಥರದ ಮೂರನೇ ರೂಪ), ಕಂಟಿನ್ಯುಯಸ್ ಬಿ ಮುಂದೆ ಇಂಗ್ ರೂಪ, ಪ್ಯಾಸಿವ್ ಬಿ ಮುಂದೆ ಮತ್ತೆ ಪಾರ್ಟಿಸಿಪಲ್. "ದ ಜೀನ್ಸ್ ಹ್ಯಾಡ್ ಬೀನ್ ಸೋಲ್ಡ್" ತಗೊಳ್ಳಿ. ಹ್ಯಾಡ್‌ನಿಂದಾಗಿ ಬೀನ್ ಬಂತು, ಬೀನ್‌ನಿಂದಾಗಿ ಸೋಲ್ಡ್ ಬಂತು. ಹ್ಯಾಡ್‌ಗೆ ಆ ರೂಪ ಕೊಟ್ಟಿದ್ದು ಯಾರು? ಟೆನ್ಸ್. ಸರಪಳಿಯ ಮೊದಲ ಕೊಂಡಿಗೆ ಮಾತ್ರ ಟೆನ್ಸ್ ಅಂಟುತ್ತದೆ. ಎರಡು ಗೆರೆ ಅದಕ್ಕೇ ಹಾಕಿ, ಉಳಿದವನ್ನು ಮುಟ್ಟಬೇಡಿ.

ಅನುಮಾನ ಬಂದರೆ ಕಾಲ ಬದಲಿಸಿ ನೋಡಿ. "ಹುಲಿಗೆಮ್ಮ ವಾಂಟ್ಸ್ ಟು ಗೋ" ಎಂಬುದನ್ನು ನಿನ್ನೆಗೆ ತಳ್ಳಿದರೆ "ವಾಂಟೆಡ್ ಟು ಗೋ" ಆಗುತ್ತದೆ. ವಾಂಟ್ ಬದಲಾಯಿತು, ಗೋ ಅಲ್ಲಾಡಲಿಲ್ಲ. ಅಲ್ಲಾಡಿದ ಪದಕ್ಕೆ ಟೆನ್ಸ್ ಇದೆ.

ಈ ಹಂತದಲ್ಲಿ ಮೂರು ಕಡೆ ಕಾಲು ಜಾರುತ್ತದೆ.

ಮೊದಲನೆಯದು "ಡಿಡ್ ನಾಟ್ ಕೇಮ್". ಇದನ್ನು ಎಂ.ಎ. ಎರಡನೇ ವರ್ಷದಲ್ಲೂ ನೋಡಿದ್ದೇನೆ. ಒಂದು ಉಪವಾಕ್ಯಕ್ಕೆ ಟೆನ್ಸ್ ಒಂದೇ ಸಲ. ಅದನ್ನು ಡಿಡ್ ಹೊತ್ತುಕೊಂಡ ಮೇಲೆ ಕಮ್ ಬರಿಗೈ. ನಮ್ಮ "ಬರಲಿಲ್ಲ"ವನ್ನೇ ನೋಡಿ: ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ. ಅಲ್ಲೂ "ಬಂದ" ಎಂಬ ರೂಪ ಇಣುಕುವುದಿಲ್ಲ. "ಬಂದಲಿಲ್ಲ" ಅಂತ ಯಾರೂ ಹೇಳುವುದಿಲ್ಲ ತಾನೇ?

ಎರಡನೆಯದು ಪಾಸ್ಟ್ ಥರ ಕಾಣುವ ಪಾರ್ಟಿಸಿಪಲ್. "ದ ಕಾಟನ್ ಸೋಲ್ಡ್ ಇನ್ ರಾಯಚೂರು ಫೆಚ್ಡ್ ಎ ಗುಡ್ ರೇಟ್." ಹತ್ತರಲ್ಲಿ ಎಂಟು ಮಂದಿ ಸೋಲ್ಡ್ ಕೆಳಗೂ ಎರಡು ಗೆರೆ ಹಾಕುತ್ತಾರೆ. ಪಾಸ್ಟ್ ಮತ್ತು ಪಾರ್ಟಿಸಿಪಲ್ ಬೇರೆ ಬೇರೆ ಇರುವ ಒಂದು ಕ್ರಿಯಾಪದವನ್ನು ಅದೇ ಜಾಗಕ್ಕೆ ತನ್ನಿ. "ದ ಕಾಟನ್ ಗ್ರೋನ್ ಇನ್ ರಾಯಚೂರು" ಅನ್ನಬಹುದು, "ಗ್ರ್ಯೂ" ಅಂದರೆ ವಾಕ್ಯ ಮುರಿಯುತ್ತದೆ. ಹಾಗಾಗಿ ಸೋಲ್ಡ್‌ಗೆ ಟೆನ್ಸ್ ಇಲ್ಲ, ಫೆಚ್ಡ್‌ಗೆ ಮಾತ್ರ ಇದೆ. ಇದೊಂದು ಪರೀಕ್ಷೆ ಕಲಿತರೆ ಅರ್ಧ ಮಾರ್ಕ್ಸ್ ಬಂದ ಹಾಗೆ.

ಮೂರನೆಯದು ಟೆನ್ಸನ್ನೂ ಸಮಯವನ್ನೂ ಒಂದೇ ಅಂದುಕೊಳ್ಳುವುದು. "ದ ಟ್ರೇನ್ ಲೀವ್ಸ್ ಟುಮಾರೋ" ರೂಪದಲ್ಲಿ ಪ್ರೆಸೆಂಟ್, ಸಮಯ ನಾಳೆ. "ಹಿ ಸೆಡ್ ದಟ್ ಹಿ ವಾಸ್ ಇಲ್" ಅಂದಾಗ ಹೇಳುವ ಹೊತ್ತಿನಲ್ಲೇ ಅವನಿಗೆ ಹುಷಾರಿಲ್ಲದೆ ಇರಬಹುದು. ಸೆಡ್ ಪಾಸ್ಟ್ ಆದ್ದರಿಂದ ವಾಸ್ ಕೂಡ ಪಾಸ್ಟ್ ಉಡುಪು ತೊಟ್ಟಿದೆ, ಅಷ್ಟೇ. ಕನ್ನಡದಲ್ಲಿ "ಹುಷಾರಿಲ್ಲ ಅಂತ ಹೇಳಿದ" ಅನ್ನುತ್ತೇವೆ, ಒಳಗಿನದನ್ನು ಹಿಂದಕ್ಕೆ ತಳ್ಳುವುದಿಲ್ಲ. ನೀವು ಗೆರೆ ಹಾಕಬೇಕಾದ್ದು ರೂಪಕ್ಕೆ.

## ಹಂತ 2: ಬದು ಹಾಕಿ

ಮುಖ್ಯ ಕ್ರಿಯಾಪದಗಳನ್ನು ಎಣಿಸಿ. ಸಹಾಯಕ ಕ್ರಿಯಾಪದಗಳನ್ನು ಬಿಡಿ. ಎಷ್ಟು ಮುಖ್ಯ ಕ್ರಿಯಾಪದವೋ ಅಷ್ಟು ಉಪವಾಕ್ಯ. "ಹುಲಿಗೆಮ್ಮ ಈಸ್ ಹಾನೆಸ್ಟ್" ಎಂಬಲ್ಲಿ ಬೇರೆ ಕ್ರಿಯಾಪದ ಇಲ್ಲದ ಕಾರಣ ಈಸ್ ಅನ್ನೇ ಎಣಿಸಬೇಕು. ಆಮೇಲೆ ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ: ಇದರಲ್ಲಿ ಟೆನ್ಸ್ ಇದೆಯಾ? ಇದರ ಸಬ್ಜೆಕ್ಟ್ ಯಾರು?

ದಟ್, ಇಫ್, ವೆದರ್ ಮುಂತಾದವು ಬದುವಿನ ಕಲ್ಲುಗಳು. ಬದು ಅವುಗಳ ಮುಂಚೆ ಬೀಳುತ್ತದೆ. ನಮ್ಮವರು ಇಲ್ಲಿ ತಪ್ಪುವುದಕ್ಕೆ ಕಾರಣ ಇದೆ. ನಮ್ಮ "ಅಂತ" ಉಪವಾಕ್ಯದ ಬಾಲದಲ್ಲಿ ಕೂರುತ್ತದೆ, ಇಂಗ್ಲಿಷಿನ ದಟ್ ತಲೆಯಲ್ಲಿ. ಕನ್ನಡದ ಅಭ್ಯಾಸದಲ್ಲಿ ದಟ್ ಆದ ಮೇಲೆ ಗೆರೆ ಎಳೆದುಬಿಡುತ್ತಾರೆ. ಸರಿಯಾದದ್ದು ಹೀಗೆ: "ಎರ್ರಿಸ್ವಾಮಿ ಸೆಡ್ ‖ ದಟ್ ಗಾದಿಲಿಂಗ ಪ್ರೇಸ್ಡ್ ಹಿಮ್ಸೆಲ್ಫ್."

ದಟ್ ಬಾಯಿಬಿಟ್ಟು ಹೇಳದಿದ್ದರೂ ಬದು ಇರುತ್ತದೆ. "ಎರ್ರಿಸ್ವಾಮಿ ಥಿಂಕ್ಸ್ ‖ ಗಾದಿಲಿಂಗ ಲೆಫ್ಟ್." ಆ ಹೆಸರಿನ ಜಾಗಕ್ಕೆ ಸರ್ವನಾಮ ಹಾಕಿ ನೋಡಿ. "ಥಿಂಕ್ಸ್ ಹಿ ಲೆಫ್ಟ್" ಸರಿ, "ಥಿಂಕ್ಸ್ ಹಿಮ್ ಲೆಫ್ಟ್" ತಪ್ಪು. ಹಿ ಬಂತು ಅಂದರೆ ಒಳಗೆ ಟೆನ್ಸ್ ಇದೆ, ಕಲ್ಲಿನ ಬದು. ಅದೇ "ಮೇಡ್ ಹಿಮ್ ಲೀವ್" ಅಂದಾಗ ಹಿಮ್ ಬಂತು. ಲೀವ್‌ಗೆ ಟೆನ್ಸ್ ಇಲ್ಲ, ಮಣ್ಣಿನ ಬದು. ಟು ಕಾಣಿಸಲಿಲ್ಲ ಅಂತ ಮೋಸ ಹೋಗಬೇಡಿ.

ಒಂದು ಕಡೆ ಮಾತ್ರ ಕನ್ನಡ ಕೈಹಿಡಿಯುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿಹೋದಾಗ ಎಲ್ಲರ ಬಾಯಲ್ಲೂ ಇದ್ದ ಸುದ್ದಿಯನ್ನೇ ತಗೊಳ್ಳಿ. "ದ ನ್ಯೂಸ್ ದಟ್ ದ ಗೇಟ್ ಬ್ರೋಕ್", "ದ ನ್ಯೂಸ್ ದಟ್ ಹಿ ಹರ್ಡ್". ಎರಡರಲ್ಲೂ ದಟ್ ಇದೆ. ಆದರೆ ಮೊದಲನೆಯದರಲ್ಲಿ ದಟ್ ಆದ ಮೇಲಿನದ್ದು ಪೂರ್ತಿ ವಾಕ್ಯ. ಎರಡನೆಯದರಲ್ಲಿ ಹರ್ಡ್ ಮುಂದೆ ಒಂದು ತೂತು ಉಳಿದಿದೆ: ಏನನ್ನು ಕೇಳಿದ? ತೂತು ಇದ್ದರೆ ರಿಲೇಟಿವ್ ಉಪವಾಕ್ಯ, ಅಂದರೆ ಮುಂಚಿನ ನಾಮಪದವನ್ನು ವಿವರಿಸುವ ಉಪವಾಕ್ಯ. ಸುಮ್ನೆ ಕನ್ನಡಕ್ಕೆ ತಿರುಗಿಸಿದರೂ ಗೊತ್ತಾಗುತ್ತದೆ. ಒಂದು "ಗೇಟು ಮುರೀತು ಅನ್ನೋ ಸುದ್ದಿ", ಇನ್ನೊಂದು "ಅವನು ಕೇಳಿದ ಸುದ್ದಿ". "ಅನ್ನೋ" ಹಾಕಲೇಬೇಕಾದರೆ ಅದು ರಿಲೇಟಿವ್ ಅಲ್ಲ.

## ಹಂತ 3: ಮಾತಾಡದ ಸಬ್ಜೆಕ್ಟನ್ನು ಹುಡುಕಿ

ಸಮಯ ಜಾಸ್ತಿ ಕೊಡಬೇಕಾದ್ದು ಇಲ್ಲಿಗೆ. ಇದನ್ನು ಹಾರಿಸಿದವರಿಗೆ ಬೈಂಡಿಂಗ್ ಅರ್ಧವೇ ಬರುತ್ತದೆ.

ಟು ಇರುವ ಉಪವಾಕ್ಯಕ್ಕೆ ಸಬ್ಜೆಕ್ಟ್ ಕಾಣಿಸದಿದ್ದರೂ ಇರುತ್ತದೆ. ಪುಸ್ತಕಗಳಲ್ಲಿ ಇದನ್ನು ಪ್ರೋ ಅನ್ನುತ್ತಾರೆ. ಟು ಮುಂಚೆ ಪೆನ್ಸಿಲ್‌ನಲ್ಲಿ "ಪ್ರೋ" ಅಂತ ಬರೆದು ಅದಕ್ಕೆ ನಂಬರ್ ಹಾಕಿ. ಯಾವ ನಂಬರ್ ಅಂತ ಹೇಳುವುದು ಮೇಲಿನ ಕ್ರಿಯಾಪದ.

"ಎರ್ರಿಸ್ವಾಮಿ ಪ್ರಾಮಿಸ್ಡ್ ಹುಲಿಗೆಮ್ಮ | ಟು ಗೋ." ಹೋಗುವವನು ಎರ್ರಿಸ್ವಾಮಿ.

"ಎರ್ರಿಸ್ವಾಮಿ ಪರ್ಸುಯೇಡೆಡ್ ಹುಲಿಗೆಮ್ಮ | ಟು ಗೋ." ಹೋಗುವವಳು ಹುಲಿಗೆಮ್ಮ.

ಪದಗಳ ಸಾಲು ಒಂದೇ, ಹೋಗುವವರು ಬೇರೆ. ಕಣ್ಣಿಗೆ ಕಾಣುವ ಸಾಲನ್ನು ನಂಬಿ ಹತ್ತಿರದ ಹೆಸರಿಗೆ ನಂಬರ್ ಕೊಡುವವರು ಪ್ರಾಮಿಸ್‌ನಲ್ಲಿ ಸಿಕ್ಕಿಬೀಳುತ್ತಾರೆ. ಪರೀಕ್ಷೆಯಲ್ಲಿ ಪ್ರಾಮಿಸ್ ಅಷ್ಟು ಸಲ ಬರುವುದೇ ಅದಕ್ಕೆ.

ಇನ್ನೊಂದು ಗುಂಪು ಸೀಮ್ ಥರದ್ದು. "ಎರ್ರಿಸ್ವಾಮಿ ಸೀಮ್ಸ್ ಟು ಲೈಕ್ ಮಿರ್ಚಿ" ನೋಡಲು "ಟ್ರೈಸ್ ಟು ಲೈಕ್ ಮಿರ್ಚಿ" ಹಾಗೇ ಇದೆ. ಸಬ್ಜೆಕ್ಟ್ ಜಾಗಕ್ಕೆ ಅರ್ಥವೇ ಇಲ್ಲದ ದೇರ್ ಹಾಕಿ ನೋಡಿ. "ದೇರ್ ಸೀಮ್ಸ್ ಟು ಬಿ ಎ ಪ್ರಾಬ್ಲಮ್" ಸಲೀಸು. "ದೇರ್ ಟ್ರೈಸ್ ಟು ಬಿ ಎ ಪ್ರಾಬ್ಲಮ್" ಅಂದರೆ ನಗು ಬರುತ್ತದೆ. ಸೀಮ್ ತನ್ನ ಸಬ್ಜೆಕ್ಟಿಗೆ ಯಾವ ಕೆಲಸವನ್ನೂ ಕೊಡುವುದಿಲ್ಲ. ಆ ಹೆಸರು ಒಳಗಿನ ಉಪವಾಕ್ಯದಿಂದ ಎದ್ದು ಮೇಲೆ ಬಂದಿರುವುದು. ಇದಕ್ಕೆ ರೇಸಿಂಗ್ ಅಂತ ಹೆಸರು. ಟ್ರೈ ಇರುವಲ್ಲಿ ಪ್ರೋ, ಅದು ಕಂಟ್ರೋಲ್. ಉತ್ತರದಲ್ಲಿ ಯಾವುದು ಅಂತ ಬಿಡಿಸಿ ಬರೆಯಿರಿ.

ಮೂರನೆಯದು ಬಿಲೀವ್. "ಹುಲಿಗೆಮ್ಮ ಬಿಲೀವ್ಸ್ | ಹಿಮ್ ಟು ಬಿ ಹಾನೆಸ್ಟ್." ಹಾನೆಸ್ಟ್ ಆಗಿರುವವನು ಅವನು, ಅಂದರೆ ಒಳಗಿನ ಸಬ್ಜೆಕ್ಟ್ ಅವನೇ. ಆದರೆ ರೂಪ ಹಿ ಅಲ್ಲ, ಹಿಮ್. ಒಳಗೆ ಟೆನ್ಸ್ ಇಲ್ಲದ ಕಾರಣ ಮೇಲಿನ ಬಿಲೀವ್ ಬದು ದಾಟಿ ಬಂದು ಅವನಿಗೆ ರೂಪ ಕೊಟ್ಟಿದೆ. ಮಣ್ಣಿನ ಬದು ಅಂದದ್ದು ಇದಕ್ಕೇ, ಅಂಚಿನಲ್ಲಿ ನೀರು ಜಿನುಗುತ್ತದೆ. ಇದನ್ನು ನೆನಪಿಡಿ, ಹಂತ 5ರಲ್ಲಿ ಬೇಕಾಗುತ್ತದೆ.

## ಹಂತ 4: ಯಾರ ಕೈ ಯಾರವರೆಗೆ ಹೋಗುತ್ತದೆ

ಮರದ ಚಿತ್ರ, ಅಂದರೆ ವಾಕ್ಯದ ಭಾಗಗಳು ಒಂದರೊಳಗೊಂದು ಹೇಗೆ ಸೇರಿವೆ ಅಂತ ಕವಲು ಕವಲಾಗಿ ತೋರಿಸುವ ಚಿತ್ರ, ಬರೆಯಬೇಕು. ಸಿ-ಕಮಾಂಡ್ ಎಂಬುದು ಅದರಲ್ಲೇ ಕಾಣುವುದು. ಹೆಸರಿನ ಮೇಲೆ ಬೆರಳಿಡಿ. ಮೇಲಕ್ಕೆ ಹೋಗುತ್ತಾ ಮೊದಲ ಕವಲಿನಲ್ಲಿ ನಿಲ್ಲಿ. ಆ ಕವಲಿನ ಇನ್ನೊಂದು ಕೊಂಬೆಯ ಕೆಳಗೆ ಇರುವುದೆಲ್ಲ ಆ ಹೆಸರಿನ ಕೈಗೆ ಸಿಗುತ್ತದೆ. ಬೇರೇನೂ ಸಿಗುವುದಿಲ್ಲ.

"ಹುಲಿಗೆಮ್ಮಾಸ್ ಬ್ರದರ್ ಪ್ರೇಸ್ಡ್ ಹಿಮ್ಸೆಲ್ಫ್" ಸರಿ. "*ಹುಲಿಗೆಮ್ಮಾಸ್ ಬ್ರದರ್ ಪ್ರೇಸ್ಡ್ ಹರ್ಸೆಲ್ಫ್" ತಪ್ಪು. ಹುಲಿಗೆಮ್ಮ ಅದೇ ಉಪವಾಕ್ಯದಲ್ಲಿದ್ದಾಳೆ, ಮೊದಲೇ ಬಂದಿದ್ದಾಳೆ. ಆದರೆ ಅವಳಿರುವುದು ಸಬ್ಜೆಕ್ಟಿನ ಹೊಟ್ಟೆಯೊಳಗೆ. ಅವಳ ಮೊದಲ ಕವಲು ಬ್ರದರ್ ಹತ್ತಿರವೇ ಮುಗಿಯಿತು. ಮೊದಲು ಬಂದ ಹೆಸರಿಗೆ ಅಧಿಕಾರ ಸಿಗುತ್ತದೆ ಎಂಬ ನಂಬಿಕೆಯನ್ನು ಈ ಒಂದು ಜೋಡಿಯಿಂದಲೇ ಬಿಡಬಹುದು.

## ಹಂತ 5: ಈಗ ಬೈಂಡಿಂಗ್

ಅಮೆರಿಕದ ಭಾಷಾವಿಜ್ಞಾನಿ ಚಾಮ್ಸ್ಕಿ 1981ರಲ್ಲಿ ಕೊಟ್ಟ ಮೂರು ನಿಯಮಗಳನ್ನು ನಮ್ಮ ಬದುವಿನ ಭಾಷೆಗೆ ತಂದರೆ ಹೀಗಾಗುತ್ತದೆ. ಎ: ಹಿಮ್ಸೆಲ್ಫ್, ಹರ್ಸೆಲ್ಫ್, ಈಚ್ ಅದರ್ ತಮ್ಮ ಆಂಟಿಸಿಡೆಂಟನ್ನು, ಅಂದರೆ ತಾವು ಯಾರನ್ನು ಸೂಚಿಸುತ್ತವೋ ಆ ಪದವನ್ನು, ತಮ್ಮ ಬದುವಿನ ಒಳಗೇ ಹುಡುಕಿಕೊಳ್ಳಬೇಕು. ಬಿ: ಹಿಮ್, ಹರ್ ತಮ್ಮ ಬದುವಿನ ಒಳಗೆ ಯಾರನ್ನೂ ಹಿಡಿಯಬಾರದು, ಹೊರಗೆ ಯಾರನ್ನಾದರೂ ಹಿಡಿಯಲಿ. ಸಿ: ಹೆಸರನ್ನು ಅದರ ಮೇಲೆ ಕೂತ ಸರ್ವನಾಮ ಎಲ್ಲೂ ಹಿಡಿಯಬಾರದು. ಮೂರರಲ್ಲೂ ಹಿಡಿಯುವುದು ಅಂದರೆ ಎರಡು ವಿಷಯ ಒಟ್ಟಿಗೆ ಇರಬೇಕು: ಒಂದೇ ನಂಬರ್, ಜೊತೆಗೆ ಸಿ-ಕಮಾಂಡ್.

ಈಗ ಆ ಫೋಟೊಕ್ಕೆ ವಾಪಸ್ ಬನ್ನಿ. "ಎರ್ರಿಸ್ವಾಮಿ ಸೆಡ್ ‖ ದಟ್ ಗಾದಿಲಿಂಗ ಪ್ರೇಸ್ಡ್ ಹಿಮ್ಸೆಲ್ಫ್." ಕಲ್ಲಿನ ಬದುವಿನ ಒಳಗೆ ಗಾದಿಲಿಂಗ ಒಬ್ಬನೇ ಇದ್ದಾನೆ. ಹಿಮ್ಸೆಲ್ಫ್ ಅವನೇ. ಎರ್ರಿಸ್ವಾಮಿ ಹೊರಗಿನವನು. ಹಿಮ್ಸೆಲ್ಫ್ ತೆಗೆದು ಹಿಮ್ ಹಾಕಿ, ಎಲ್ಲ ತಿರುಗಿಬಿತ್ತು: ಗಾದಿಲಿಂಗ ಆಗಲು ಸಾಧ್ಯವಿಲ್ಲ, ಎರ್ರಿಸ್ವಾಮಿ ಆಗಬಹುದು, ಮೂರನೆಯವನೂ ಆಗಬಹುದು.

ಹುಡುಗಿ ಎರ್ರಿಸ್ವಾಮಿ ಅಂದದ್ದು ಯಾಕೆ? ಫೋನ್ ಮಾಡಿ ಕೇಳಿದೆ. "ಸರ್, ಮನಸ್ಸಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡೆ" ಅಂದಳು. ಗುಟ್ಟು ಅಲ್ಲೇ ಇದೆ. "ಗಾದಿಲಿಂಗ ತನ್ನನ್ನು ಹೊಗಳಿದ ಅಂತ ಎರ್ರಿಸ್ವಾಮಿ ಹೇಳಿದ." ಕನ್ನಡದಲ್ಲಿ ಇಲ್ಲಿ ಹೊಗಳಿಸಿಕೊಂಡವನು ಎರ್ರಿಸ್ವಾಮಿ. ನಮ್ಮ ತಾನು ಬದು ಹಾರಿ ದೂರ ಹೋಗುತ್ತದೆ, ಹೇಳಿದವನನ್ನು ಹಿಡಿಯುತ್ತದೆ. ಹಿಮ್ಸೆಲ್ಫ್‌ಗೆ ಸಮನಾದದ್ದು ಬೇಕೆಂದರೆ "ಗಾದಿಲಿಂಗ ತನ್ನನ್ನು ತಾನೇ ಹೊಗಳಿಕೊಂಡ" ಅನ್ನಬೇಕು. "ತಾನೇ", "ಕೊಂಡ" ಎರಡೂ ಬಂದಾಗ ಅದು ಬದು ದಾಟುವುದಿಲ್ಲ. ಆದ್ದರಿಂದ ಹಿಮ್ಸೆಲ್ಫ್ ಅಂದರೆ "ತನ್ನನ್ನು" ಅಂತ ನೋಟ್ಸಿನ ಅಂಚಿನಲ್ಲಿ ಬರೆದುಕೊಂಡಿದ್ದರೆ ಇವತ್ತೇ ಹೊಡೆದುಹಾಕಿ.

ಹಿಸ್ ಇನ್ನೊಂದು ಬಲೆ. "ಎರ್ರಿಸ್ವಾಮಿ ಲವ್ಸ್ ಹಿಸ್ ಮದರ್" ಎಂಬಲ್ಲಿ ಹಿಸ್ ಅವನದ್ದೂ ಆಗಬಹುದು, ಬೇರೆಯವನದ್ದೂ ಆಗಬಹುದು. ನಾವು ತನ್ನ ತಾಯಿ, ಅವನ ತಾಯಿ ಅಂತ ಬೇರೆ ಮಾಡುತ್ತೇವೆ. ಇಂಗ್ಲಿಷಿಗೆ ಆ ಅನುಕೂಲ ಇಲ್ಲ.

ಮಣ್ಣಿನ ಬದುವಿಗೆ ಬರೋಣ. "ಎರ್ರಿಸ್ವಾಮಿ ಬಿಲೀವ್ಸ್ | ಹಿಮ್ಸೆಲ್ಫ್ ಟು ಬಿ ಹಾನೆಸ್ಟ್" ಸರಿ. "*ಎರ್ರಿಸ್ವಾಮಿ ಬಿಲೀವ್ಸ್ ‖ ದಟ್ ಹಿಮ್ಸೆಲ್ಫ್ ಈಸ್ ಹಾನೆಸ್ಟ್" ತಪ್ಪು. ಎರಡರಲ್ಲೂ ಹಿಮ್ಸೆಲ್ಫ್ ಒಳಗಿನ ಸಬ್ಜೆಕ್ಟ್. ಮೊದಲನೆಯದರಲ್ಲಿ ಅದು ಮಣ್ಣಿನ ಬದುವಿನ ಅಂಚಿನಲ್ಲಿ ಕೂತಿದೆ, ಮೇಲಿನ ಗದ್ದೆಯ ಲೆಕ್ಕಕ್ಕೆ ಸೇರಿತು. ಎರಡನೆಯದಕ್ಕೆ ಟೆನ್ಸ್ ಅಡ್ಡ ನಿಂತಿತು. ಈ ಜೋಡಿಯನ್ನು ಬಿಡಿಸಿ ಬರೆಯಲು ಬಂದವರು ಹಂತ 1 ಯಾಕೆ ಮೊದಲು ಅಂತ ಮತ್ತೆ ಕೇಳುವುದಿಲ್ಲ.

ನಿಯಮ ಸಿ ಬೇಗ ಮುಗಿಯುತ್ತದೆ. "ಹಿ ಥಿಂಕ್ಸ್ ‖ ಎರ್ರಿಸ್ವಾಮಿ ಈಸ್ ಲೇಟ್" ಎಂಬಲ್ಲಿ ಹಿ ಬೇರೆಯವನೇ. "ವೆನ್ ಹಿ ಕೇಮ್ ಹೋಮ್ ‖ ಎರ್ರಿಸ್ವಾಮಿ ವಾಸ್ ಟೈರ್ಡ್" ಎಂಬಲ್ಲಿ ಇಬ್ಬರೂ ಒಬ್ಬನೇ ಆಗಬಹುದು. ಅಲ್ಲಿ ಹಿ ವೆನ್‌ನ ಗೂಡಿನೊಳಗಿದೆ, ಅದರ ಕೈ ಎರ್ರಿಸ್ವಾಮಿಯವರೆಗೆ ಹೋಗುವುದಿಲ್ಲ.

## ಕೆಂಪು ದೀಪಗಳು

"ಹಿ ಹಿಮ್ಸೆಲ್ಫ್ ಸ್ಟಿಚ್ಡ್ ದ ಜೀನ್ಸ್." ಇಲ್ಲಿನ ಹಿಮ್ಸೆಲ್ಫ್ ಒತ್ತು ಕೊಡಲು ಬಂದದ್ದು. ತೆಗೆದರೂ ವಾಕ್ಯ ನಿಲ್ಲುತ್ತದೆ. ತೆಗೆಯಲು ಬಂದರೆ ನಿಯಮ ಎ ತರಬೇಡಿ.

"ಎರ್ರಿಸ್ವಾಮಿ ಸಾ ಎ ಸ್ನೇಕ್ ನಿಯರ್ ಹಿಮ್." ನಿಯಮ ಬಿ ಪ್ರಕಾರ ಹಿಮ್ ಅವನಾಗಬಾರದು, ಆದರೆ ಆಗುತ್ತದೆ. ನಿಯರ್, ಬಿಹೈಂಡ್ ಥರದ ಜಾಗದ ಪದಗಳ ಜೊತೆ ಹೀಗಾಗುವುದುಂಟು. "ಪಿಕ್ಚರ್ ಆಫ್ ಹಿಮ್ಸೆಲ್ಫ್" ಥರದವೂ ಹದ್ದು ಮೀರುತ್ತವೆ. ಇಂಥವು ಬಂದರೆ ನಿಯಮಕ್ಕೆ ಬಗ್ಗದ ಉದಾಹರಣೆ ಅಂತ ನೇರವಾಗಿ ಬರೆಯಿರಿ. ಎಳೆದಾಡಿ ಹೊಂದಿಸಲು ಹೋದರೆ ಮಾರ್ಕ್ಸ್ ಹೋಗುತ್ತದೆ.

ಇನ್ನು ನಮ್ಮೂರ ಇಂಟರ್‌ವ್ಯೂಗಳ "ಮೈಸೆಲ್ಫ್ ಎರ್ರಿಸ್ವಾಮಿ ಫ್ರಮ್ ಬಳ್ಳಾರಿ". ಟೆನ್ಸ್ ಇಲ್ಲ, ಬದು ಇಲ್ಲ, ಆಂಟಿಸಿಡೆಂಟ್ ಇಲ್ಲ. ಆದರೂ ಕೆಲಸ ಸಿಕ್ಕವರಿದ್ದಾರೆ, ಏನು ಮಾಡೋಣ.

## ಒಂದು ವಾಕ್ಯ ಪೂರ್ತಿಯಾಗಿ

"ಹುಲಿಗೆಮ್ಮ ಥಿಂಕ್ಸ್ ದಟ್ ಎರ್ರಿಸ್ವಾಮಿ ಪ್ರಾಮಿಸ್ಡ್ ಹರ್ ಟು ಬೈ ಹಿಮ್ಸೆಲ್ಫ್ ಎ ಶರ್ಟ್."

ಟೆನ್ಸ್: ಥಿಂಕ್ಸ್ ಪ್ರೆಸೆಂಟ್, ಪ್ರಾಮಿಸ್ಡ್ ಪಾಸ್ಟ್. ವಾಕ್ಯವನ್ನು ನಿನ್ನೆಗೆ ತಳ್ಳಿದರೂ ಬೈ ಅಲ್ಲಾಡುವುದಿಲ್ಲ, ಅದಕ್ಕೆ ಗೆರೆ ಇಲ್ಲ.

ಬದು: ಮುಖ್ಯ ಕ್ರಿಯಾಪದ ಮೂರು, ಉಪವಾಕ್ಯ ಮೂರು. "ಹುಲಿಗೆಮ್ಮ ಥಿಂಕ್ಸ್ ‖ ದಟ್ ಎರ್ರಿಸ್ವಾಮಿ ಪ್ರಾಮಿಸ್ಡ್ ಹರ್ | ಪ್ರೋ ಟು ಬೈ ಹಿಮ್ಸೆಲ್ಫ್ ಎ ಶರ್ಟ್."

ನಂಬರ್: ಹುಲಿಗೆಮ್ಮ 1, ಎರ್ರಿಸ್ವಾಮಿ 2. ಮೇಲಿರುವುದು ಪ್ರಾಮಿಸ್, ಹಾಗಾಗಿ ಪ್ರೋ 2.

ಬೈಂಡಿಂಗ್: ಹಿಮ್ಸೆಲ್ಫ್‌ನ ಬದುವಿನೊಳಗೆ ಪ್ರೋ ಇದೆ, ಅದರ ಕೈ ಹಿಮ್ಸೆಲ್ಫ್‌ವರೆಗೆ ಹೋಗುತ್ತದೆ. ಹಿಮ್ಸೆಲ್ಫ್ 2. ಹರ್‌ನ ಗದ್ದೆಯಲ್ಲಿ ಹುಲಿಗೆಮ್ಮ ಇಲ್ಲ, ಕಲ್ಲಿನ ಬದುವಿನ ಆಚೆ ಇದ್ದಾಳೆ. ಆದ್ದರಿಂದ ಹರ್ 1 ಆಗಬಹುದು, ಬೇರೆ ಹೆಂಗಸೂ ಆಗಬಹುದು. ಎರಡೂ ಬರೆಯಿರಿ, ಒಂದನ್ನೇ ಬರೆದರೆ ಉತ್ತರ ಅರ್ಧ.

ಈಗ ಪ್ರಾಮಿಸ್ಡ್ ಅಳಿಸಿ ಪರ್ಸುಯೇಡೆಡ್ ಬರೆಯಿರಿ. ಬೇರೇನೂ ಮುಟ್ಟಬೇಡಿ. ಪ್ರೋದ ನಂಬರ್ ಹರ್‌ನ ನಂಬರ್ ಆಯಿತು. ಹಿಮ್ಸೆಲ್ಫ್‌ಗೆ ತನ್ನ ಬದುವಿನೊಳಗೆ ಗಂಡಸೇ ಸಿಗಲಿಲ್ಲ, ವಾಕ್ಯದ ಮುಂದೆ ನಕ್ಷತ್ರ ಬಿತ್ತು. ಹಿಮ್ಸೆಲ್ಫ್ ಅಳಿಸಿ ಹಿಮ್ ಹಾಕಿ ನೋಡಿ. ನಕ್ಷತ್ರ ಹೋಯಿತು, ಶರ್ಟು ಈಗಲೂ ಎರ್ರಿಸ್ವಾಮಿಗೇ ಸಿಗಬಹುದು. ಹರ್ಸೆಲ್ಫ್ ಹಾಕಿದರೆ ಅವಳಿಗೆ.